ಹಳದಿ ಅಂಗಿಯ ತೋಳು

ಪುಟ್ಟಿ,

ಅಂಗಡಿಗೆ ಹೊರಟೆ, ಹೊಲಿಗೆ ರಾಶಿ ಬಿದ್ದಿದೆ. ಮೊದಲು ತಿಂಡಿ ತಿನ್ನು, ಫೋನು ಆಮೇಲೆ. ‘ಎಲ್ಲಿದ್ದೀಯ, ಯಾರ ಜೊತೆ ಇದ್ದೀಯ, ಫೋಟೋ ಕಳಿಸು’ ಅಂತ ಆ ಮಹಾರಾಯ ಎಷ್ಟು ಬಡಿದುಕೊಂಡರೂ ಉತ್ತರ ಕೊಡಬೇಡ. ನಿನ್ನೆ ಅವನಿಗೆ ‘ನಮ್ಮಿಬ್ಬರದು ಮುಗೀತು’ ಅಂದೆಯಲ್ಲ, ಅದೇ ಉತ್ತರ.

ಹನ್ನೊಂದಕ್ಕೆ ತನ್ನ ಜರ್ಕಿನ್ ಒಯ್ಯಲು ಬರುತ್ತಾನಂತೆ. ಚೀಲ ಬಾಗಿಲ ಹತ್ತಿರ ಇದೆ, ಅಜ್ಜಿ ಕೊಡುತ್ತಾಳೆ. ಪಕ್ಕದ ಮನೆಯ ಡ್ರೈವರ್ ಮಾವ ಮೆಟ್ಟಿಲ ಮೇಲೆ ಕೂತಿರುತ್ತಾರೆ. ಅವನು ಅತ್ತರೂ, ಕಾಲಿಗೆ ಬಿದ್ದರೂ ನೀನು ರೂಮಿನಿಂದ ಹೊರಗೆ ಬರಬೇಡ.

ಅಜ್ಜಿ ಹೇಳಬೇಕಾದ್ದು ‘ತಗೊ, ನಡಿ’ ಅಷ್ಟೇ. ಬೆಳಿಗ್ಗೆಯಿಂದ ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದಾಳೆ, ಆದರೆ ಪ್ರತಿ ಸಲವೂ ಕೊನೆಗೆ ‘ಊಟ ಆಯ್ತೇನಪ್ಪಾ?’ ಅಂತ ಸೇರಿಸಿಬಿಡುತ್ತಾಳೆ. ಇನ್ನೆರಡು ಸಲ ಹೇಳಿಸು.

ನಾನೇನು ಕಮ್ಮಿ ಅಲ್ಲ. ಚೀಲಕ್ಕೆ ತುಂಬುವಾಗ ಆ ಜರ್ಕಿನ್ನಿನ ಕೆಟ್ಟ ಜಿಪ್ಪನ್ನು ಸರಿಮಾಡಿಬಿಟ್ಟೆ. ಹಾಳು ಕೈಚಟ! ಆಮೇಲೆ ಮೈಯೆಲ್ಲ ಉರಿದು, ಕೂತು ಮತ್ತೆ ಕೆಡಿಸಿದೆ.

ನಿನ್ನ ಹಳದಿ ಅಂಗಿ ಕುರ್ಚಿ ಮೇಲಿದೆ. ತೋಳು ಉದ್ದ ಮಾಡಿಕೊಡು ಅಂತ ನೀನು ಅಂದೆ, ನಾನು ಮಾಡಿಕೊಟ್ಟೆ. ಅದು ಅವನ ಅಪ್ಪಣೆ ಅಂತ ನಿನ್ನೆಯಷ್ಟೇ ಗೊತ್ತಾಯಿತು. ಹೊಲಿಸಲು ಬಂದವರೆಲ್ಲರ ತಲೆಯನ್ನು ‘ಯಾಕೆ, ಎಷ್ಟು’ ಅಂತ ತಿನ್ನುವ ನಾನು ನಿನ್ನನ್ನು ಮಾತ್ರ ಕೇಳಲಿಲ್ಲ ನೋಡು.

ಸೇರಿಸಿದ್ದ ತುಂಡನ್ನು ಬಿಚ್ಚಿದ್ದೇನೆ. ಅಂಚು ಮಾತ್ರ ಇನ್ನೂ ಹೊಲಿದಿಲ್ಲ. ತೋಳು ಎಷ್ಟಿರಬೇಕು ಅಂತ ಸಂಜೆ ನೀನು ಹೇಳು, ಅಷ್ಟಕ್ಕೇ ಹೊಲಿಯುತ್ತೇನೆ.

ಅಮ್ಮ