ಕ್ಲೈವ್ ಕತ್ತಿಗೆ ಆಯುಧಪೂಜೆ

23 ಸೆಪ್ಟೆಂಬರ್ 2006, ಶನಿವಾರ. ಪಾಯಿಂಟ್ ಕುಕ್

ಎಂದಿನಂತೆ ಬೆಳಿಗ್ಗೆ ಕ್ಲೈವ್ ಮನೆ. ಅವರು ಹೇಳುತ್ತಾ ಹೋದರು, ನಾನು ಕಂಪ್ಯೂಟರಿನಲ್ಲಿ ಕುಟ್ಟುತ್ತಾ ಹೋದೆ. ಅವರ ಪುಸ್ತಕದ ಏಳನೇ ಅಧ್ಯಾಯ ಮುಗಿಯಿತು. ನಡುವೆ ಟೀ, ಮೆತ್ತಗಾದ ಬಿಸ್ಕತ್ತು. ವಯಸ್ಸು ಎಂಬತ್ತೊಂದು, ಹಠ ಮಾತ್ರ ಹದಿನಾರರದ್ದು. ಟೈಪ್ ಮಾಡಿದ್ದನ್ನು ಓದಿ ಹೇಳುವಾಗ ಎಲ್ಲೋ ಉಸಿರು ತೆಗೆದುಕೊಂಡರೆ, ಅಲ್ಲಿ ಕಾಮಾ ಇದೆಯಾ ಎಂದು ಕೇಳುತ್ತಾರೆ.

ಕಣ್ಣಿನ ನಡುಭಾಗ ಹೋಗಿದೆ. ನೇರ ನೋಡಿದರೆ ಏನೂ ಕಾಣದು. ಅಂಚಿನಲ್ಲಿ ಮಸುಕು ಮಸುಕು. ಲೈಬ್ರರಿಯ ಕಂಪ್ಯೂಟರ್ ಕ್ಲಾಸಿನಲ್ಲಿ ನಾನು ವಾಲಂಟಿಯರ್ ಆಗಿದ್ದಾಗ ಬಂದಿದ್ದರು. ಕಲಿಯಲು ಬಂದಿಲ್ಲ, ಟೈಪಿಸ್ಟ್ ಹುಡುಕಲು ಬಂದಿದ್ದೇನೆ ಎಂದು ಮೊದಲ ದಿನವೇ ಹೇಳಿಬಿಟ್ಟರು. ಮನೆ ನೋಡಿದರೆ ನಮ್ಮಿಂದ ಎರಡು ಬೀದಿ ಆಚೆ. ಸಿಕ್ಕಿಹಾಕಿಕೊಂಡೆ.

ಬರೆಸುತ್ತಿರುವುದು ಅಮೆರಿಕದ ಅಂತರ್ಯುದ್ಧದ ಒಂದು ಸ್ವಯಂಸೇವಕ ಅಶ್ವದಳದ ಚರಿತ್ರೆ. ಇವರ ಮುತ್ತಜ್ಜ ಜೋಸೆಫ್ ಅದರಲ್ಲಿದ್ದ. ಯುದ್ಧ ಮುಗಿದ ಮೇಲೆ ಚಿನ್ನ ಅಗೆಯುತ್ತೇನೆಂದು ಹಡಗು ಹತ್ತಿ ಇಲ್ಲಿನ ಚಿನ್ನದ ಗಣಿಯೂರು ಬ್ಯಾಲರಾಟ್‌ಗೆ ಬಂದ. ಚಿನ್ನ ಸಿಗಲಿಲ್ಲ. ಸೊಂಟದಲ್ಲಿದ್ದ ಕತ್ತಿ ಮಾತ್ರ ವಂಶಕ್ಕೆ ಉಳಿಯಿತು.

ಆ ದಳದವರು ಸೈನಿಕರೇ ಅಲ್ಲ — ರೈತರು, ಅಂಗಡಿ ಹುಡುಗರು. ಕುದುರೆ ತಮ್ಮದೇ ತರಬೇಕಿತ್ತು, ಉಳುವ ಕುದುರೆಗಳನ್ನೇ ತಂದರು. ಮೊದಲ ಡ್ರಿಲ್‌ನಲ್ಲಿ ಕತ್ತಿ ಬೀಸಲು ಹೋಗಿ ತಮ್ಮ ಕುದುರೆಯ ಕಿವಿಗೇ ಗಾಯ ಮಾಡಿದರು. ನಾಲ್ಕು ವರ್ಷದಲ್ಲಿ ಗುಂಡಿಗಿಂತ ಭೇದಿಗೆ ಸತ್ತವರೇ ಹೆಚ್ಚು. ಮನೆಗೆ ಬಂದು ಅತ್ತೆಗೆ ಹೇಳಿದೆ. "ಪಾಪ, ಮಜ್ಜಿಗೆಗೆ ಮೆಂತ್ಯ ಹಾಕಿ ಕುಡಿಸೋರು ಯಾರೂ ಇರ್ಲಿಲ್ವಾ ಸಂಯುಕ್ತಾ?" ಎಂದರು. ಗಂಭೀರವಾಗಿಯೇ.

ಅತ್ತೆ ಇಂದಿರಮ್ಮ ಮೈಸೂರಿನಿಂದ ಬಂದು ಎರಡು ತಿಂಗಳು. ಅವರ ಮಗ, ನನ್ನ ಗಂಡ ಪ್ರಮೋದ್‌ಗೆ ನಾರ್ತ್ ಸಿಡ್ನಿಯಲ್ಲಿ ಕಾಂಟ್ರಾಕ್ಟ್ ಕೆಲಸ, ವಾರದ ಕೊನೆಗೆ ಮಾತ್ರ ಬರುತ್ತಾನೆ. ಹಾಗಾಗಿ ವಾರವಿಡೀ ಅತ್ತೆಗೆ ನಾನು, ನನಗೆ ಅತ್ತೆ.

30 ಸೆಪ್ಟೆಂಬರ್, ಶನಿವಾರ

ಕ್ಲೈವ್ ಇವತ್ತು ಕತ್ತಿಯನ್ನೇ ನನ್ನ ಕೈಗೆ ಕೊಟ್ಟರು. ಪುಸ್ತಕದ ಕವರ್‌ಗೆ ಫೋಟೋ ಬೇಕು, ಪ್ರಮೋದ್ ಬಳಿ ಒಳ್ಳೆಯ ಕ್ಯಾಮೆರಾ ಇದೆ. ಸಿಡ್ನಿಯ ಒಂದು ಚಿಕ್ಕ ಮ್ಯೂಸಿಯಂನವರು ಮುಂದಿನ ತಿಂಗಳ ಕೊನೆಗೆ ಕತ್ತಿಯನ್ನು ಪ್ರದರ್ಶನಕ್ಕೆ ಇಡಲು ಒಪ್ಪಿದ್ದಾರೆ. ಅದೇ ದಿನ ಪುಸ್ತಕದ ಬಿಡುಗಡೆ. ಇಪ್ಪತ್ತು ವರ್ಷದ ಕೆಲಸ. ಇದೊಂದು ಆಗಿಬಿಟ್ಟರೆ ಸಾಕು, ಮತ್ತೇನೂ ಬೇಡ ಎಂದರು. ಹಾಗೆ ಅವರು ಯಾವತ್ತೂ ಮಾತಾಡಿದವರಲ್ಲ.

ಕೊಡುವಾಗ ಒಂದೇ ಮಾತು. ಒರೆಸಬೇಡ. ಹಿತ್ತಾಳೆ ಹಿಡಿಯ ಆ ಕಂದು ಬಣ್ಣ ನೂರನಲವತ್ತು ವರ್ಷದ್ದು, ಅದಿಲ್ಲದಿದ್ದರೆ ತೆಗೆದುಕೊಳ್ಳುವುದಿಲ್ಲ ಎಂದು ಮ್ಯೂಸಿಯಂನ ಹೆಲೆನ್ ಎಚ್ಚರಿಸಿದ್ದಾಳಂತೆ. ಸರಿ ಎಂದೆ. ಡೈನಿಂಗ್ ಟೇಬಲ್ ಮೇಲೆ ಟವೆಲ್ ಹಾಸಿ ಮಲಗಿಸಿದ್ದೇನೆ, ಮಗುವಿನ ಹಾಗೆ.

ಟೀವಿಯಲ್ಲಿ ಫುಟಿ, ಅಂದರೆ ಇಲ್ಲಿಯವರ ಫುಟ್‌ಬಾಲ್, ಅದರ ಫೈನಲ್. ಸಿಡ್ನಿ ಒಂದೇ ಪಾಯಿಂಟ್‌ನಲ್ಲಿ ಸೋತಿತು. ಪ್ರಮೋದ್ ಸಪ್ಪೆ ಮುಖ — ಸಿಡ್ನಿಯಲ್ಲಿ ವಾರಕ್ಕೆ ಐದು ದಿನ ಇರುವವನಿಗೆ ಇಷ್ಟು ಅಭಿಮಾನ.

1 ಅಕ್ಟೋಬರ್, ಭಾನುವಾರ

ಆಯುಧಪೂಜೆ. ನಾನು, ಪ್ರಮೋದ್ ಬೂದುಗುಂಬಳಕಾಯಿ ಹುಡುಕಿಕೊಂಡು ಹೋಗಿದ್ದೆವು. ಎಲ್ಲೂ ಸಿಗಲಿಲ್ಲ, ಸಿಹಿಗುಂಬಳಕ್ಕೇ ಒಪ್ಪಿಕೊಂಡು ವಾಪಸ್ ಬಂದೆವು. ಬಂದರೆ —

ದೇವರ ಮುಂದೆ ಮಣೆ. ಮಣೆಯ ಮೇಲೆ ಕತ್ತಿ. ಹಿಡಿಯ ಹಿತ್ತಾಳೆ ಫಳಫಳ. ಹೊಸ ತಂಬಿಗೆ ಅನ್ನಬೇಕು, ಹಾಗೆ. ಅರಿಸಿನ, ಕುಂಕುಮ, ಒಂದು ಸೇವಂತಿಗೆ.

ಹುಣಸೆಹಣ್ಣು, ಉಪ್ಪು. ಆಮೇಲೆ ಪೀತಾಂಬರಿ ಪುಡಿ. ಅತ್ತೆ ಅರ್ಧ ಗಂಟೆ ಉಜ್ಜಿದ್ದಾರೆ. "ಎಷ್ಟು ವರ್ಷದ ಕಿಲುಬೋ ಏನೋ, ಕೈ ಸೋತುಹೋಯ್ತು. ಪಾಪ, ಆ ತಾತಂಗೆ ಮಾಡೋರು ಯಾರಿದಾರೆ," ಎಂದರು. ಮುಖದಲ್ಲಿ ಎಂಥ ಸಂತೋಷ.

ಪ್ರಮೋದ್ ಮೆಲ್ಲಗೆ, "ಅಮ್ಮ, ಇದನ್ನ ಯಾಕೆ ಮುಟ್ಟಿದೆ?" ಎಂದ.

"ಮನೇಲಿ ಆಯುಧ ಅಂತ ಇರೋದು ಇದೊಂದೇ ಕಣೋ. ಇದನ್ನ ಬಿಟ್ಟು ಮೈಕ್ರೋವೇವ್‌ಗೆ ಕುಂಕುಮ ಇಡ್ಲಾ?"

ಒರೆಸಬೇಡಿ ಎಂದು ನಾನು ಹೇಳಿಯೇ ಇರಲಿಲ್ಲ. ಮಂಗಳಾರತಿ ತೆಗೆದುಕೊಂಡೆ.

2 ಅಕ್ಟೋಬರ್, ಸೋಮವಾರ

ಆಫೀಸಿನಲ್ಲಿ ಒಂದು ಟೆಸ್ಟ್ ಕೇಸೂ ಓಡಿಸಲಿಲ್ಲ. ಹಿತ್ತಾಳೆಯ ಹಳೆ ಬಣ್ಣ ವಾಪಸ್ ತರುವುದು ಹೇಗೆ ಎಂದು ಗೂಗಲ್ ಮಾಡಿದ್ದೇ ಆಯಿತು. ಬಣ್ಣ ಬಳಿದು ಮೋಸ ಮಾಡುವ ದಾರಿಗಳಿವೆ. ನಿಜವಾದ ದಾರಿ ಇನ್ನೊಂದು ನೂರು ವರ್ಷ ಕಾಯುವುದು.

ಪ್ರಮೋದ್ ಸಿಡ್ನಿಯಿಂದ ಫೋನ್. "ಅವ್ರಿಗೆ ಕಾಣಲ್ಲ ಅಲ್ವಾ? ಸುಮ್ನಿರು. ಮ್ಯೂಸಿಯಂನೋರು ಕೇಳಿದ್ರೆ ಮೊದ್ಲಿಂದ ಹೀಗೇ ಇತ್ತು ಅನ್ನು."

"ಕ್ಲೈವ್ ಮ್ಯೂಸಿಯಂಗೆ ಆಗ್ಲೇ ಫೋಟೋ ಕಳ್ಸಿದಾರಲ್ಲ, ಕಂದು ಬಣ್ಣದ್ದು."

"ಹೌದಾ. ಹಾಗಾದ್ರೆ ಗೋತಾ."

ಬೆಂಬಲಕ್ಕೆ ನಿಂತ ಗಂಡ ಎಂದರೆ ಇವನೇ.

4 ಅಕ್ಟೋಬರ್, ಬುಧವಾರ

ಕ್ಲೈವ್‌ಗೆ ಹೇಳಿಬಿಟ್ಟೆ. ಫೋನಿನಲ್ಲೇ — ಎದುರು ಕೂತು ಹೇಳುವ ಧೈರ್ಯ ಬರಲಿಲ್ಲ. ಕಾಣದವರಿಗೆ ಕಾಣುವುದಿಲ್ಲವೆಂದೇ ಮೋಸ ಮಾಡುವುದು ನನ್ನಿಂದಾಗದು. ನಮ್ಮ ಹಬ್ಬ, ಪೂಜೆ, ಅತ್ತೆ, ಹುಣಸೆಹಣ್ಣು, ಎಲ್ಲ ಒಂದೇ ಉಸಿರಿಗೆ. ಕ್ಲೈವ್ "ರೈಟ್" ಎಂದರು. ಇಟ್ಟುಬಿಟ್ಟರು.

ಅತ್ತೆಗೆ ಏನೂ ಹೇಳಿಲ್ಲ. ಅವರ ಸಂತೋಷವನ್ನೂ ಯಾಕೆ ಹಾಳು ಮಾಡಬೇಕು.

9 ಅಕ್ಟೋಬರ್, ಸೋಮವಾರ

ಶನಿವಾರ ಕ್ಲೈವ್ ಮನೆಗೆ ಹೋದೆ. ಬಾಗಿಲು ತೆರೆಯಲಿಲ್ಲ. ಒಳಗೆ ರೇಡಿಯೋ ಕೇಳಿಸುತ್ತಿತ್ತು. ಕತ್ತಿ ಇನ್ನೂ ನಮ್ಮ ಮನೆಯಲ್ಲೇ. ಎಂಟನೇ ಅಧ್ಯಾಯ ಅರ್ಧಕ್ಕೆ ನಿಂತಿದೆ — ಜೋಸೆಫ್‌ಗೆ ಜ್ವರ, ದಳ ನದಿ ದಾಟಬೇಕು, ಕುದುರೆಗಳಿಗೆ ಮೇವಿಲ್ಲ. ಅಲ್ಲೇ ನಿಂತಿದ್ದಾರೆ ಎಲ್ಲರೂ, ನನ್ನ ಕಂಪ್ಯೂಟರಿನಲ್ಲಿ.

ನನಗೆ ಕೋಪವೂ ಬರುತ್ತಿದೆ. ಒಂದು ಮಾತು ಬೈದುಬಿಡಬಾರದೇ? ಬೈಸಿಕೊಂಡರೆ ನಿದ್ದೆಯಾದರೂ ಬರುತ್ತಿತ್ತು.

ಊಟ ಮಾಡುವಾಗ ಅತ್ತೆ ನನ್ನ ಮುಖವನ್ನೇ ನೋಡಿದರು. "ಶನಿವಾರ ಆ ತಾತನ ಮನೆಯಿಂದ ಯಾಕೆ ಅಷ್ಟು ಬೇಗ ಬಂದೆ ನೀನು? ಏನಾಯ್ತು, ನಿಜ ಹೇಳು." ಎಷ್ಟು ದಿನ ಮುಚ್ಚಿಡಲಿ. ಹೇಳಿದೆ. ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದರು. ತಟ್ಟೆ ತೊಳೆದು ಹೋಗಿ ಮಲಗಿದರು.

10 ಅಕ್ಟೋಬರ್, ಮಂಗಳವಾರ

ಇದನ್ನು ಬರೆಯದೆ ಮಲಗುವುದಿಲ್ಲ.

ಸಂಜೆ ಆಫೀಸಿನಿಂದ ಬಂದರೆ ಮನೆಗೆ ಬೀಗ. ಅತ್ತೆ ಇಲ್ಲ. ಒಳಗೆ ನೋಡಿದರೆ ಕತ್ತಿಯೂ ಇಲ್ಲ. ಕಾರು ಹತ್ತದೆ ಓಡಿದೆ. ದಾರಿಯಲ್ಲಿ ನಾಯಿ ಕರೆದುಕೊಂಡು ಹೊರಟಿದ್ದ ಹೆಂಗಸೊಬ್ಬಳು ತಾನೇ ನಿಲ್ಲಿಸಿ, ಸೀರೆ ಉಟ್ಟ ಲೇಡಿ ಉದ್ದದ್ದು ಏನೋ ಹಿಡಿದುಕೊಂಡು ಆ ಕಡೆ ಹೋದರು ಎಂದಳು.

ಕ್ಲೈವ್ ಮನೆಯ ವರಾಂಡ. ಅವರು ಕುರ್ಚಿಯಲ್ಲಿ. ಅತ್ತೆ ಎದುರಿಗೆ ನಿಂತಿದ್ದಾರೆ, ತೋಳಿನಲ್ಲಿ ಹಳೆ ರೇಷ್ಮೆ ಸೀರೆಯಲ್ಲಿ ಸುತ್ತಿದ ಕತ್ತಿ. ಅತ್ತೆಯ ಇಂಗ್ಲಿಷ್ ಹತ್ತನೇ ಕ್ಲಾಸಿನದು, ಅದೂ ಮೈಸೂರಿನಲ್ಲಿ ನಲವತ್ತು ವರ್ಷದ ಹಿಂದಿನದು. ಅದನ್ನೇ ಧೈರ್ಯವಾಗಿ ಹೊರತೆಗೆದಿದ್ದರು. "ಐ ಕ್ಲೀನ್. ಮೈ ಮಿಸ್ಟೇಕ್. ಶೀ ನೋ ಮಿಸ್ಟೇಕ್. ಯು ಸ್ಕೋಲ್ಡ್ ಮೀ." ನನ್ನನ್ನು ಕಂಡು ಕನ್ನಡದಲ್ಲಿ, "ನೀನು ಮಧ್ಯ ಬರ್ಬೇಡ," ಎಂದರು.

ಕ್ಲೈವ್ ಮುಖ ಕಲ್ಲು. ಕೊಡಿ ಎಂದು ಕೈ ಚಾಚಿದರು. ಅತ್ತೆ ಸೀರೆ ಬಿಚ್ಚಿದರು. ಪಶ್ಚಿಮದ ಬಿಸಿಲು ನೇರ ವರಾಂಡಕ್ಕೆ ಬೀಳುತ್ತಿತ್ತು.

ಅವರ ಕೈ ಅರ್ಧದಲ್ಲೇ ನಿಂತಿತು. ತಲೆ ಒಂದು ಕಡೆಗೆ ತಿರುಗಿಸಿದರು — ಕಣ್ಣಿನ ಅಂಚಿನಿಂದ ನೋಡುವಾಗ ಹಾಗೆಯೇ ಮಾಡುವುದು. ಮತ್ತೆ ಇನ್ನಷ್ಟು ಓರೆ ಮಾಡಿದರು. ಸ್ವಲ್ಪ ಎತ್ತಿ ಹಿಡಿಯಿರಿ ಎಂದರು. ಅತ್ತೆ ಎತ್ತಿದರು. ಕ್ಲೈವ್ ಗಾಳಿಯಲ್ಲಿ ಬೆರಳಿನಿಂದ ಒಂದು ಗೆರೆ ಎಳೆದರು. ಹಿಡಿಯ ಬಾಗು ಹೇಗಿದೆಯೋ ಅದೇ ಗೆರೆ. ಅದು ಕಾಣುತ್ತಿದೆ ಎಂದರು. ನಾಲ್ಕು ವರ್ಷದಿಂದ ಇದನ್ನು ಬೆರಳಲ್ಲಿ ಮಾತ್ರ ನೋಡಿದ್ದೇನೆ, ಕಂದು ಗೋಡೆಯ ಮೇಲೆ ಕಂದು ಕತ್ತಿ, ಎಲ್ಲ ಒಂದೇ ಕತ್ತಲೆಯಾಗಿತ್ತು, ಈಗ ಕಾಣುತ್ತಿದೆ ಎಂದರು.

ಅಳುತ್ತಿದ್ದರು. ನನಗೂ ಅಳು ಬಂತು. ಇಂದಿರಮ್ಮ ಮಾತ್ರ ಅಳಲಿಲ್ಲ, "ಏನಂತೆ? ಬೈತಿದಾರಾ?" ಎಂದು ನನ್ನನ್ನು ಕೇಳಿದರು.

"ಇಲ್ಲ ಅತ್ತೆ. ಕತ್ತಿ ಕಾಣ್ತಿದೆಯಂತೆ."

"ಹಾಗಾದ್ರೆ ಕೂತ್ಕೋತೀನಿ, ಕಾಲು ನೋಯ್ತಿದೆ," ಎಂದು ಮೆಟ್ಟಿಲ ಮೇಲೆ ಕೂತೇಬಿಟ್ಟರು.

ಆಮೇಲೆ ಕ್ಲೈವ್, ಭಾನುವಾರದ ಇನ್‌ಸ್ಪೆಕ್ಷನ್‌ಗೆ ದಳದ ಹುಡುಗರೆಲ್ಲ ಇಟ್ಟಿಗೆ ಪುಡಿ ಹಾಕಿ ಹಿತ್ತಾಳೆ ಉಜ್ಜುತ್ತಿದ್ದರು ಎಂದರು. ಕಂದು ಕತ್ತಿ ಹಿಡಿದು ನಿಂತಿದ್ದರೆ ಜೋಸೆಫ್‌ಗೆ ಶಿಕ್ಷೆಯಾಗುತ್ತಿತ್ತಂತೆ. ಇಪ್ಪತ್ತು ವರ್ಷ ಅದನ್ನು ಓದಿಯೂ ತಲೆಗೆ ಹೋಗಿರಲಿಲ್ಲ ಎಂದು ತಮಗೆ ತಾವೇ ಬೈದುಕೊಂಡರು. ಹೆಲೆನ್‌ಗೆ ತಾವೇ ಫೋನ್ ಮಾಡುತ್ತಾರಂತೆ.

ಎದೆ ಮೇಲಿಂದ ಕಲ್ಲು ಇಳಿಸಿದ ಹಾಗಿದೆ. ಅರ್ಧ ಕಲ್ಲು. ಸಿಡ್ನಿಯದು ಇನ್ನೂ ಇದೆ.

13 ಅಕ್ಟೋಬರ್, ಶುಕ್ರವಾರ

ಹೆಲೆನ್ ಏನೂ ಮಾತು ಕೊಡಲಿಲ್ಲ. ತನ್ನಿ, ನೋಡಿ ಹೇಳುತ್ತೇನೆ ಎಂದಳಂತೆ. ಹುಣಸೆಹಣ್ಣು ಎಂದರೆ ಏನೆಂದು ಎರಡು ಸಲ ಕೇಳಿದಳಂತೆ.

21 ಅಕ್ಟೋಬರ್, ಶನಿವಾರ

ದೀಪಾವಳಿ. ಕ್ಲೈವ್ ನಮ್ಮಲ್ಲೇ ಊಟ. ಕಜ್ಜಾಯ ಮೂರು ತಿಂದರು. ಹತ್ತನೇ, ಕೊನೆಯ ಅಧ್ಯಾಯ ಬೆಳಿಗ್ಗೆಯೇ ಮುಗಿಸಿದ್ದೆವು; ಸೋಮವಾರ ಕಾಪಿ ಅಂಗಡಿಗೆ ಕೊಟ್ಟರೆ ಬುಧವಾರಕ್ಕೆ ಐವತ್ತು ಪ್ರತಿ ಸಿಗುತ್ತದಂತೆ. ದಳ ವಿಸರ್ಜನೆಯಾಯಿತು, ಉಳಿದವರು ಉಳಿದ ಕುದುರೆಗಳ ಮೇಲೆ ಮನೆಗೆ ಹೋದರು. ಕೊನೆಯ ವಾಕ್ಯ ಹೇಳಿ ಕ್ಲೈವ್, ಅಲ್ಲಿ ಫುಲ್‌ಸ್ಟಾಪ್ ಇದೆಯಾ ಎಂದು ಕೇಳಿದರು. ನನಗೆ ಏನೋ ಕಳಕೊಂಡ ಹಾಗೆ.

ಊಟದ ಮಧ್ಯೆ ಅತ್ತೆ, "ಸಿಡ್ನಿಯೋರು ಬೇಡ ಅಂದ್ರೆ?" ಎಂದರು. ಪ್ರಮೋದ್ ಕ್ಲೈವ್‌ಗೆ ಅದನ್ನು ಇಂಗ್ಲಿಷ್‌ನಲ್ಲಿ ಹೇಳಲಿಲ್ಲ.

27 ಅಕ್ಟೋಬರ್, ಶುಕ್ರವಾರ. ಸಿಡ್ನಿ

ನಿನ್ನೆ ಕಾರಿನಲ್ಲಿ ಬಂದೆವು, ನಾನು, ಅತ್ತೆ, ಕ್ಲೈವ್. ಡಿಕ್ಕಿಯಲ್ಲಿ ಕತ್ತಿ. ದಾರಿಯುದ್ದಕ್ಕೂ ಅತ್ತೆ ಚಿತ್ರಾನ್ನ ಬಡಿಸಿದರು. ಪ್ರಮೋದ್ ರೆಂಟ್‌ಗೆ ಇರುವ ಗೂಡಿನಲ್ಲಿ ನಾಲ್ಕು ಜನ. ಕ್ಲೈವ್‌ಗೆ ಮಂಚ, ಉಳಿದವರಿಗೆ ನೆಲ.

ಬೆಳಿಗ್ಗೆ ಮ್ಯೂಸಿಯಂ. ಹೆಲೆನ್ ತೆಳ್ಳಗೆ, ಕೈಗೆ ಬಿಳಿ ಗ್ಲೌಸ್. ಕತ್ತಿ ನೋಡಿದ ಕೂಡಲೇ ಕಣ್ಣು ಮುಚ್ಚಿಕೊಂಡಳು. ಕ್ಲೈವ್ ಕೋಲಿನ ಮೇಲೆ ಎರಡೂ ಕೈ ಇಟ್ಟು ನಿಂತಿದ್ದರು, ತೀರ್ಪಿಗೆ ಕಾಯುವವರಂತೆ.

ಲೆನ್ಸ್ ಹಿಡಿದು ಬಗ್ಗಿದಳು. ಹಿತ್ತಾಳೆ ಬಿಟ್ಟು ಹಿಡಿಗೆ ಸುತ್ತಿದ ಚರ್ಮವನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಇದಕ್ಕೆ ನೀರು ತಾಗಿಲ್ಲವೇ ಎಂದಳು. ನಾನು ಅತ್ತೆಯನ್ನು ಕೇಳಿದೆ.

"ಅಯ್ಯೋ, ಪೂಜೆ ದಿನ ಮಡೀಲಿ ಚರ್ಮ ಮುಟ್ತಾರೇನೇ? ಬಾಳೆ ಎಲೆ ಸುತ್ತಿ, ದಾರ ಕಟ್ಟಿ, ಆಮೇಲೇ ಹಿತ್ತಾಳೆ ಉಜ್ಜಿದ್ದು."

ಇಂಗ್ಲಿಷ್‌ನಲ್ಲಿ ಹೇಳಲು ಒದ್ದಾಡಿದೆ. ಹೇಳಿದೆ. ಹೆಲೆನ್ ಮೊದಲ ಸಲ ನಕ್ಕಳು. ಬಣ್ಣ ಹೋಗಿದ್ದು ನಷ್ಟವೇ, ಅದನ್ನು ನಷ್ಟವಲ್ಲ ಎನ್ನುವುದಿಲ್ಲ. ಆದರೆ ಚರ್ಮ ನೆಂದಿದ್ದರೆ ಕತ್ತಿ ವಾಪಸ್ ಕಳಿಸಬೇಕಿತ್ತು ಎಂದಳು. ಅಷ್ಟು ಹಳೆಯ ಚರ್ಮ, ಮೇಲೆ ಸುತ್ತಿದ ತಂತಿ ಸಮೇತ ಇಷ್ಟು ಚೆನ್ನಾಗಿ ಉಳಿದಿದ್ದನ್ನು ಅವಳು ನೋಡೇ ಇಲ್ಲವಂತೆ. ಇಟ್ಟುಕೊಳ್ಳುತ್ತೇನೆ ಎಂದಳು.

ಕ್ಲೈವ್ ಕೂತುಬಿಟ್ಟರು. ನಾನು ಹೊರಗೆ ಹೋಗಿ ಪ್ರಮೋದ್‌ಗೆ ಫೋನ್ ಮಾಡಿ ಏನೇನೋ ಕಿರುಚಿದೆ. ಮೀಟಿಂಗ್‌ನಲ್ಲಿದ್ದನಂತೆ, ಇರಲಿ.

29 ಅಕ್ಟೋಬರ್, ಭಾನುವಾರ. ಮ್ಯೂಸಿಯಂ ಬೆಂಚು, ಸಂಜೆ

ಪುಸ್ತಕ ಬಿಡುಗಡೆಯಾಯಿತು. ಬಂದವರು ಮೂವತ್ತು ಜನ ಇರಬಹುದು. ಕ್ಲೈವ್ ಒಂದೂ ತಪ್ಪಿಲ್ಲದೆ ಮಾತಾಡಿದರು, ಕಾಗದ ನೋಡುವ ಪ್ರಶ್ನೆಯೇ ಇಲ್ಲವಲ್ಲ.

ಗಾಜಿನ ಪೆಟ್ಟಿಗೆಯ ಕೆಳಗೆ ಪುಟ್ಟ ಫಲಕ. ಕ್ಲೈವ್ ಹಠ ಹಿಡಿದು ಹಾಕಿಸಿದ್ದು. ಜೋಸೆಫ್ ಹೆಸರು, ದಳದ ಹೆಸರು, ಕೊನೆಗೆ "ಹಿತ್ತಾಳೆಯನ್ನು ಅಕ್ಟೋಬರ್ 2006ರಲ್ಲಿ ಪಾಯಿಂಟ್ ಕುಕ್‌ನ ಮನೆಯೊಂದರಲ್ಲಿ ಆಯುಧಪೂಜೆಗಾಗಿ ಬೆಳಗಲಾಗಿದೆ." ಅತ್ತೆಗೆ ಓದಿ ಹೇಳಿದೆ. "ಸದ್ಯ, ನನ್ನ ಹೆಸ್ರು ಹಾಕಿಲ್ವಲ್ಲ," ಎಂದರು. ಐದು ನಿಮಿಷ ಬಿಟ್ಟು, "ಹಾಕಿದ್ರೂ ಏನಾಗ್ತಿತ್ತು," ಎಂದರು.

ಎಲ್ಲರೂ ಹೋದರು. ದೀಪ ಒಂದೊಂದೇ ಆರಿಸುತ್ತಿದ್ದಾರೆ, ಕತ್ತಿಯ ಮೇಲಿನದು ಮಾತ್ರ ಉಳಿದಿದೆ. ಕ್ಲೈವ್ ಅದರ ಮುಂದೆ ತಲೆ ಓರೆ ಮಾಡಿ ನಿಂತವರು ನಿಂತೇ ಇದ್ದಾರೆ. ಪ್ರಮೋದ್ ಕಾರು ತಂದು ಹೊರಗೆ ಕಾಯುತ್ತಿದ್ದಾನೆ. ಹೆಲೆನ್ ಕೀಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. ಅತ್ತೆ ಕ್ಲೈವ್ ಪಕ್ಕಕ್ಕೆ ಹೋಗಿ ಮೊಣಕೈ ಹಿಡಿದುಕೊಂಡರು. ಹೋಗೋಣ ಎಂದು ಕರೆಯಲು ಇರಬೇಕು ಅಂದುಕೊಂಡೆ. ಅಲ್ಲ, ಅವರೂ ನಿಂತರು. ಈಗ ನನ್ನ ಕಡೆ ತಿರುಗಿ ಕೈಸನ್ನೆ ಮಾಡುತ್ತಿದ್ದಾರೆ — ಇನ್ನೂ ಸ್ವಲ್ಪ ನೋಡ್ತಾರಂತೆ, ಅವಳಿಗೆ ಹೇಳು, ಆ ಒಂದು ದೀಪ ಮಾತ್ರ ಆರಿಸ್ಬೇಡ ಅಂತ.