ನಲವತ್ತೊಂದನೇ ತಟ್ಟೆ

ಲ್ಯಾಬಿನ ಅಡುಗೆಮನೆಯಿಂದ,
ಸೋಮವಾರ, ಒಂಬತ್ತನೇ ತಾರೀಖು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿನ ಗಣ್ಯರೇ, ಕೆಳಗೆ ಕುಳಿತ ನಗಣ್ಯರೇ! ಪಾಲಕ್ ಸೊಪ್ಪಿನೊಳಗೆ ಲಸಿಕೆ ಬೆಳೆಸಿದ ಈ ಮಹಾನುಭಾವನನ್ನು ಎತ್ತಿ ಆಡಿಸಿದವಳು ನಾನೇ ಎಂದು ಹೇಳಿಕೊಳ್ಳಲು ಎರಡು ನಿಮಿಷ ಅವಕಾಶ ಕೋರುತ್ತೇನೆ.

ಆಯಿತು, ಮೈಕು ಕೆಳಗಿಟ್ಟೆ. ಪ್ರೀತಿಯ ತಮ್ಮಯ್ಯಾ, ಹೇಗಿದ್ದೀಯ? ಹೊಸ ಊರಿನ ನೀರು ಒಗ್ಗಿತೇ? ಬೆನ್ನಿಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದೀಯಾ, ಇಲ್ಲ ಅದಕ್ಕೂ ಒಬ್ಬ ಸಹಾಯಕಿ ಬೇಕೇ? ನಾನು ಚೆನ್ನಾಗಿದ್ದೇನೆ, ಮಂಡಿ ಮಾತ್ರ ಮುನಿಸಿಕೊಂಡಿದೆ.

ಪೇಪರಿನಲ್ಲಿ ನಿನ್ನ ಫೋಟೋ ನೋಡಿದೆ. ಕೈಯಲ್ಲಿ ನಮ್ಮ ನಲವತ್ತೊಂದನೇ ತಟ್ಟೆ, ಮುಖದಲ್ಲಿ ಮೂರು ಜನಕ್ಕಾಗುವಷ್ಟು ನಗು. 'ಏಕಾಂಗಿ ಸಾಧನೆ' ಎಂದು ಬರೆದಿದ್ದಾರೆ. ಹದಿನಾಲ್ಕು ತಿಂಗಳು ಎಲೆಗಳಿಗೆ ಗಂಜಿ, ಅಂದರೆ ಅವು ಚಿಗುರಲು ಬೇಕಾದ ಅಗರ್ ಪಾಕ, ಬೇಯಿಸಿ, ಆರಿಸಿ, ಔಷಧಿ ಬೆರೆಸಿ ತಟ್ಟೆಗೆ ಹುಯ್ದವಳು ನಾನು. ಉಗುರಿನಷ್ಟು ಚೂರು ಹೆಚ್ಚಿ ಕೊಟ್ಟವಳೂ ನಾನು. ಚಿನ್ನದ ಪುಡಿಗೆ ಲಸಿಕೆಯ ಜೀನು ಸವರಿ ಗನ್ನಿನಿಂದ ಆ ಚೂರುಗಳಿಗೆ ಹೊಡೆದವನು ನೀನು. ಎಲೆಯ ಹಸಿರು ಕಣದಲ್ಲಿ, ಅದೇ ನಿಮ್ಮ ಕ್ಲೋರೋಪ್ಲಾಸ್ಟಿನಲ್ಲಿ, ಜೀನು ನೆಲೆಯಾದರೆ ಔಷಧಿಯ ತಟ್ಟೆಯಲ್ಲೂ ಚಿಗುರು ಹಸಿರು, ಇಲ್ಲವಾದರೆ ಔಷಧಿ ತಾಗಿ ಬಿಳಿ. ನಲವತ್ತು ತಟ್ಟೆ ಬಿಳುಚಿಕೊಂಡವು, ಜೊತೆಗೆ ನಾವಿಬ್ಬರೂ. ನಲವತ್ತೊಂದರಲ್ಲಿ ಹಸಿರು ಕಂಡಾಗ "ಅಕ್ಕಾ, ಇದು ನಿಂದೂ ಕಣೇ!" ಎಂದು ಕುಣಿದೆಯಲ್ಲ.

ಜೀನು ಇದೆಯೇ ಎಂಬ ಮೊದಲ ಪರೀಕ್ಷೆ ಹೌದೆಂದಿತು. ಎಲೆಗೆ ಸುಮ್ಮನೆ ಅಂಟಿಕೊಂಡ ಜೀನೂ ಹೌದೆನ್ನಿಸಬಲ್ಲದು, ಇನ್ನೆರಡು ಸುತ್ತು ಹೊಸ ತಟ್ಟೆಗೆ ದಾಟಿಸಿ ನೋಡೋಣವೆಂದು ನಾನು ಬೇಡಿಕೊಂಡೆ. "ಬಿಡಮ್ಮಾ, ಗಂಜಿ ಬೇಯ್ಸೋರಿಗ್ಯಾಕೆ ಬಯಾಲಜಿ?" ಎಂದು ನೀನು ನಕ್ಕೆ. ಮೂರನೇ ದಿನ ಬಂದು ನೋಡಿದರೆ ಕಪಾಟಿನಲ್ಲಿ ತಟ್ಟೆಯಿಲ್ಲ, ಕುರ್ಚಿಯಲ್ಲಿ ನೀನಿಲ್ಲ. ಒಂದು ಚೀಟಿಯೂ ಇಲ್ಲ. ಬೆವರು ನನ್ನದು, ಹೆಸರು ನಿನ್ನದು. ಎಲೆ ನನ್ನದು, ಬೆಲೆ ನಿನ್ನದು. ಪ್ರಾಸ ಚೆನ್ನಾಗಿ ಕೂತಿತು. ಹೊಟ್ಟೆಯೊಳಗಿನ ಉರಿ ಮಾತ್ರ ಎದ್ದೇ ಇದೆ.

ನಾಡಿದ್ದು ದೊಡ್ಡವರೆಲ್ಲರ ಎದುರು ಆ ಚಿಗುರಿನಿಂದ ಬೆಳೆಸಿದ ಗಿಡದ ಎಲೆಯನ್ನು ಔಷಧಿ ತಟ್ಟೆಗೆ ಹಾಕಿ, ಗಾಜಿನ ಪೆಟ್ಟಿಗೆಯಲ್ಲಿಟ್ಟು, ಮೂರು ವಾರವೂ ಹಸಿರಾಗಿಯೇ ಇರುತ್ತದೆಂದು ತೋರಿಸುತ್ತೀಯಂತೆ. ನಿನ್ನ ಕೆಲಸ ಖಾಯಂ ಆಗುವುದೂ ಬಿಡುವುದೂ ಅದರ ಮೇಲೆಯೇ ಅಂತೆ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಹೆಂಡತಿಗೆ ನನ್ನ ನೆನಪು ಹೇಳು, ಮಗಳ ಕೆನ್ನೆಗೊಂದು ಮುತ್ತು. ತಣ್ಣಗಿರು.

ನಿನ್ನ ಅಕ್ಕ

ಲಕೋಟೆ ಅಂಟಿಸುವ ಮುಂಚೆ: ಅವತ್ತು ಒಂದು ತಟ್ಟೆ ಕಡಿಮೆ ಬಿತ್ತೆಂದು ನಲವತ್ತೊಂದನೆಯದಕ್ಕೆ ನಾನು ಬೇರೆಯಾಗಿ ಗಂಜಿ ಬೇಯಿಸಿದ್ದೆ. ನೀನು ಹೋದ ಮರುದಿನ, ಅದಕ್ಕೆಂದು ಅಳೆದಿಟ್ಟಿದ್ದ ಔಷಧಿ ಫ್ರಿಜ್ಜಿನ ಮೂಲೆಯಲ್ಲಿ ಹಾಗೆಯೇ ಸಿಕ್ಕಿತು. ಬೆರೆಸಲು ಮರೆತಿದ್ದೆ, ತಮ್ಮಯ್ಯಾ. ಔಷಧಿಯಿಲ್ಲದ ತಟ್ಟೆಯಲ್ಲಿ ಯಾವ ಎಲೆಯೂ ಹಸಿರೇ. ನೀನು ಕದ್ದೊಯ್ದಿದ್ದು ಬರೀ ಪಾಲಕ್. ಈ ಪತ್ರ ನಿನ್ನ ಕೈಸೇರಲು ಐದು ದಿನ ಬೇಕು. ಫೋನು ಇಲ್ಲೇ ಮೇಜಿನ ಮೇಲಿದೆ. ಮಾಡಬಹುದು. ಅದಕ್ಕೇ ಪತ್ರ ಬರೆದೆ.