ಮುಚ್ಚಿದ ಬಾಟಲಿಯ ನೀರು

ಹಿಂದಿನ ಬೀದಿಯ ಮನೆ,
ಮಾರ್ಚ್ ೧೨, ಮಂಗಳವಾರ

ಪ್ರೀತಿಯ ಅಪ್ಪಾ,

ಮಂಡಿನೋವು ಹೇಗಿದೆ? ಅಕ್ಕನ ಮನೆಯ ಮೆಟ್ಟಿಲು ಹತ್ತಿಳಿದು ಪೌರುಷ ತೋರಿಸಬೇಡ. ನಾವೆಲ್ಲ ಚೆನ್ನಾಗಿದ್ದೇವೆ, ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿದೆ.

ಕೊಟ್ಟ ಮಾತು: ನಮ್ಮ ಬೀದಿಯ ಚರಂಡಿ ನೀರನ್ನು ಪಂಪ್ ಮನೆ ದಿನಕ್ಕೆರಡು ಸಲ ಎತ್ತಿ ಸಾಗಿಸುತ್ತದೆ. ಆದದ್ದು: ವಾರವಾಯಿತು, ಪಂಪಿನ ಸದ್ದೇ ಇಲ್ಲ. ಅಲ್ಲಿನ ಇಂಜಿನಿಯರನ್ನು ಕೇಳಿದರೆ ದಿನವೂ ಓಡುತ್ತಿದೆಯಂತೆ. ಚರಂಡಿ ನೀರೆಲ್ಲ ಬಂದು ಸೇರುವ ಪಂಪ್ ಮನೆ ಬಾವಿ ಕಪ್ಪಗಿರುವುದು ನಾವು ಕೊಳಕು ಸುರಿಯುವುದರಿಂದಂತೆ. ಬರುವ ಒಂದನೇ ತಾರೀಖಿಗೆ ಅರವತ್ತು ಮನೆಗಳ ಚರಂಡಿ ಸಂಪರ್ಕ ಕಡಿಯುತ್ತಾರಂತೆ. ನೋಟಿಸ್ ಬಾಗಿಲಿಗೆ ಅಂಟಿಸಿದ್ದಾರೆ.

ಆ ಪಂಪ್ ಮನೆಯಲ್ಲಿ ದುಡಿಯುವಾಗ ನೀನು ಹೇಳುತ್ತಿದ್ದೆಯಲ್ಲ, "ಬೂದಿ ಬಣ್ಣ ಇದ್ರೆ ಇವತ್ತಿನ ನೀರು, ಕಪ್ಪಾಗಿದ್ರೆ ನಿಂತು ಕೊಳೆತದ್ದು" ಅಂತ. ಶುಕ್ರವಾರ ನಮ್ಮ ಮನೆ ಮುಂದಿನ ಚರಂಡಿ ಚೇಂಬರಿನ ನೀರನ್ನು ಗಾಜಿನ ಬಾಟಲಿಗೆ ಹಿಡಿದು ಮುಚ್ಚಳ ಬಿಗಿದೆ. ಅಚ್ಚ ಬೂದಿ ಬಣ್ಣ, ಮೇಲೆ ಸೋಪಿನ ನೊರೆ. ನಿನ್ನೆ ನೋಟಿಸಿನ ಬಗ್ಗೆ ಕರೆದಿದ್ದ ಬೀದಿಯ ಸಭೆಯಲ್ಲಿ ಅದನ್ನು ಚೀಲದಿಂದ ತೆಗೆದು, "ನೋಡಿ ಸ್ವಾಮಿ, ನಮ್ಮ ಮನೆಗಳಿಂದ ಹೋಗೋದು ಈ ಬಣ್ಣ" ಎಂದು ಇಂಜಿನಿಯರ ಮುಂದೆ ಕುಕ್ಕಿದೆ. ಅಪ್ಪಾ, ಅದು ಕಾಡಿಗೆಯ ಹಾಗೆ ಕಪ್ಪಾಗಿತ್ತು! ಇಂಜಿನಿಯರು ಹೊಟ್ಟೆ ಹಿಡಿದು ನಕ್ಕರು: "ನೀವೇ ತಪ್ಪೊಪ್ಕೊಂಡ್ರಲ್ಲಮ್ಮ!" ಪಕ್ಕದಲ್ಲಿದ್ದ ಇಸ್ತ್ರಿ ಅಂಗಡಿಯ ಅತ್ತೆ ನನ್ನ ತೋಳು ಚಿವುಟಿ, "ತರೋ ಮುಂಚೆ ಒಂದ್ಸಲ ನೋಡೋಕೇನಾಗಿತ್ತೇ ನಿಂಗೆ?" ಎಂದಳು. ಭೂಮಿ ಬಾಯಿಬಿಡಬಾರದೇ ಅನಿಸಿತು. ಆಮೇಲೆ ತಲೆಗೆ ಹೊಳೆಯಿತು. ಮೂರು ದಿನ ಮುಚ್ಚಿಟ್ಟವಳು ನಾನೇ ತಾನೆ! "ಮೂರೇ ದಿನ ನಿಂತಿದ್ದಕ್ಕೆ ಬಾಟಲಿ ನೀರು ಹೀಗಾಯ್ತು. ನಿಮ್ಮ ಬಾವಿಯಲ್ಲಿ ಎಷ್ಟು ದಿನದಿಂದ ನಿಂತಿದೆ ಸ್ವಾಮಿ? ನಂಬಿಕೆ ಇಲ್ದಿದ್ರೆ ಬನ್ನಿ, ಚೇಂಬರ್ ತೆಗೀತೀವಿ" ಎಂದೆ. ಇಡೀ ಸಭೆಯೇ ಎದ್ದು ಬೀದಿಗೆ ಬಂತು. ತೆಗೆದು ನೋಡಿದರೆ ಬೂದಿ ಬಣ್ಣ, ಬಿಳಿ ನೊರೆ. ನಮ್ಮವರ ನಗುವಿಗೆ ಮಲಗಿದ್ದ ನಾಯಿಗಳೂ ಎದ್ದು ಬೊಗಳಿದವು. ಇಂಜಿನಿಯರು ಮಾತ್ರ ಗಡಿಯಾರ ನೋಡಿಕೊಂಡರು.

ಬೀದಿಯವರೆಲ್ಲ ನಿನ್ನನ್ನು ಕೇಳಿದರು. ಅಕ್ಕನಿಗೆ ನನ್ನ ಪ್ರೀತಿ, ನಿನಗೆ ನಮಸ್ಕಾರ.

ನಿನ್ನ ಬಾಯಿಬಡುಕಿ

ತಾ.ಕ.: ನೋಟಿಸ್ ಇನ್ನೂ ಬಾಗಿಲ ಮೇಲೇ ಇದೆ. ನೀರಿನ ಬಣ್ಣ ಬಲ್ಲವರೊಬ್ಬರು ಬಂದು ಬಾವಿ ನೋಡಿ ಹೇಳಿದರೆ ಮಾತ್ರ ಹಿಂದಕ್ಕೆ ತೆಗೆದುಕೊಳ್ಳುತ್ತಾರಂತೆ. ನಿನ್ನನ್ನು ಕೇಳದೆ ನಿನ್ನ ಹೆಸರು ಬರೆಸಿಬಿಟ್ಟೆ. ಮೂವತ್ತು ವರ್ಷ ನೀನು ಮೇಲಧಿಕಾರಿಗಳೆದುರು ತುಟಿ ಬಿಚ್ಚದೆ ದುಡಿದೆ. ಈಗ ನಿನ್ನನ್ನು ಕೆಲಸದಿಂದ ತೆಗೆಯುವವರು ಯಾರೂ ಇಲ್ಲ. ಬೈಯುವುದಿದ್ದರೆ ಬಂದು ಬೈ. ಮಾರ್ಚ್ ೨೧, ಗುರುವಾರ, ಬೆಳಿಗ್ಗೆ ಹತ್ತು ಗಂಟೆ, ಪಂಪ್ ಮನೆಯ ಗೇಟಿನೆದುರು.